ಚಿಲಿಯ ಹಳೇ ವೈನ್‌ಗಳನ್ನ ಹುಡ್ಕೊಂಡು ಹೋಗೋದು ಹೇಗೆ: ಪಾಯೀಸ್, ಪಿಪೇನ್ಯೊ, ಚಿಚಾ, ಪಾಹರೇತೆ

ಚಿಲಿ ವೈನ್ ಅಂದ ತಕ್ಷಣ ಬೆಂಗಳೂರಿನ ಅಂಗಡಿಗಳಲ್ಲಿ ಕೈಗೆ ಸಿಗೋದು ಕ್ಯಾಬರ್ನೆ ಸೊವಿನ್ಯೋನ್, ಮೆರ್ಲೊ, ಜಾಸ್ತಿ ಅಂದ್ರೆ ಒಂದು ಕಾರ್ಮೆನೇರ್. ಇವೆಲ್ಲ 19ನೇ ಶತಮಾನದಲ್ಲಿ ಫ್ರಾನ್ಸ್‌ನಿಂದ ತರಿಸಿದ ಬಳ್ಳಿಗಳು, ಸ್ಯಾಂಟಿಯಾಗೋ ಸುತ್ತಮುತ್ತಲಿನ ದುಡ್ಡಿದ್ದ ಮನೆತನದವರು ಹಾಕಿಸಿದ್ದು. ಅದಕ್ಕೂ ಸುಮಾರು 300 ವರ್ಷ ಮುಂಚೆ, 16ನೇ ಶತಮಾನದ ನಡುವಲ್ಲೇ ಸ್ಪೇನ್‌ನವರು ಚರ್ಚಿನ ಪೂಜೆಗೆ ವೈನ್ ಬೇಕು ಅಂತ ತಂದು ನೆಟ್ಟ ಬಳ್ಳಿ ಒಂದಿದೆ, ಅದರ ಹೆಸರು ಪಾಯೀಸ್. ಅದನ್ನ ಇವತ್ತಿಗೂ ಬಿಡದೆ ಬೆಳೀತಾ ಇರೋರು ದಕ್ಷಿಣದ ಮೌಲೆ, ಇತಾತಾ, ಬೀಯೋ ಬೀಯೋ ಕಡೆಯ ಸಣ್ಣ ರೈತರು. ನನ್ನ ಪ್ರಕಾರ ಚಿಲಿಯ ನಿಜವಾದ ವೈನ್ ಕಥೆ ಇರೋದು ಅಲ್ಲಿ, ಸ್ಯಾಂಟಿಯಾಗೋ ಪಕ್ಕದ ದೊಡ್ಡ ಎಸ್ಟೇಟ್‌ಗಳ ಟೂರ್‌ನಲ್ಲಿ ಅಲ್ಲ. ಅದನ್ನ ಹುಡ್ಕೊಂಡು ಹೋಗೋರಿಗೆ, ಹೋಗೋಕಾಗದೆ ಮನೇಲೇ ಕೂತು ಟೇಸ್ಟ್ ಮಾಡೋರಿಗೆ, ಇಬ್ಬರಿಗೂ ಉಪಯೋಗ ಆಗ್ಲಿ ಅಂತ ಬರೀತಿದೀನಿ.

ಹೆಜ್ಜೆ 1: ಮೊದ್ಲು ನಾಲ್ಕು ದ್ರಾಕ್ಷಿ ಹೆಸರು ತಲೇಲಿ ಇಟ್ಕೊಳ್ಳಿ

ಪಾಯೀಸ್ ಕೆಂಪು ದ್ರಾಕ್ಷಿ. ಮೂಲ ಸ್ಪೇನ್‌ನ ಲಿಸ್ತಾನ್ ಪ್ರಿಯೇತೊ ಅಂತ ಡಿಎನ್‌ಎ ಪರೀಕ್ಷೆಯಲ್ಲಿ ಗೊತ್ತಾಗಿದೆ. ಅರ್ಜೆಂಟೀನಾದಲ್ಲಿ ಇದನ್ನೇ ಕ್ರಿಯೋಯಾ ಚೀಕಾ ಅಂತಾರೆ, ಕ್ಯಾಲಿಫೋರ್ನಿಯಾದಲ್ಲಿ ಮಿಷನ್ ಅಂತಾರೆ. ವೈನ್ ಬಣ್ಣ ತೆಳು, ಗ್ಲಾಸ್ ಹಿಂದೆ ಬೆರಳು ಇಟ್ರೆ ಕಾಣ್ಸತ್ತೆ, ಹುಳಿಹುಳಿ ಕೆಂಪು ಹಣ್ಣಿನ ರುಚಿ, ಕೊನೇಲಿ ನಾಲಿಗೆ ಸ್ವಲ್ಪ ಒಗರಾಗತ್ತೆ. ಗಟ್ಟಿ ಕ್ಯಾಬರ್ನೆ ಕುಡಿದು ರೂಢಿ ಆದವರಿಗೆ ಮೊದಲ ಗುಟುಕಲ್ಲಿ ಇದೇನು ಇಷ್ಟು ತೆಳು ಅನ್ಸಬಹುದು. ಊಟದ ಜೊತೆ ಕುಡೀರಿ, ಆಮೇಲೆ ತೀರ್ಮಾನ ಮಾಡಿ.

ಸಿನ್ಸೊ, ಇತಾತಾ ಕಣಿವೆಯ ಗ್ವಾರಿಲೀವೆ ಕಡೆ ಜಾಸ್ತಿ. ಊರಿನ ಹಳಬರು ಕರ್ಗದೋರಾ ಅಂತಾನೂ ಕರೀತಾರೆ. ಘಮ ಜಾಸ್ತಿ, ಮೈ ಹಗುರ, ಹೊಸಬರಿಗೆ ನಾನು ಮೊದ್ಲು ಹೇಳೋದು ಇದನ್ನೇ.

ಕರಿನ್ಯಾನ್, ಇದರ ಹಿಂದೆ ಒಂದು ಭೂಕಂಪದ ಕಥೆ ಇದೆ. 1939ರ ಜನವರಿಯಲ್ಲಿ ಚಿಯಾನ್ ಊರು ಭೂಕಂಪದಲ್ಲಿ ನೆಲಸಮ ಆಯ್ತು, ಸುತ್ತಲ ರೈತರೂ ನಷ್ಟದಲ್ಲಿ ಮುಳುಗಿದ್ರು, ಆಮೇಲೆ ಸರ್ಕಾರದ ಕಡೆಯಿಂದ ಪಾಯೀಸ್‌ಗೆ ಬಣ್ಣ ಮತ್ತೆ ಹುಳಿ ಸೇರಿಸೋಕೆ ಅಂತ ಕರಿನ್ಯಾನ್ ಬಳ್ಳಿ ನೆಡಿಸಿದ್ರು. ಬೇರೆ ವೈನ್‌ಗೆ ಬೆರೆಸೋ ದ್ರಾಕ್ಷಿ ಅಂತಲೇ ಎಷ್ಟೋ ದಶಕ ಕಡೆಗಣಿಸಿದ್ದ ಅದೇ ಬಳ್ಳಿಗಳು ಈಗ ಹಣ್ಣು ಹಣ್ಣು ಮುದುಕರಾಗಿವೆ, ಅದರ ವೈನ್ ಕಡುಗಪ್ಪು, ಚುರುಕು ಹುಳಿ, ವರ್ಷಗಟ್ಲೆ ಇಡಬಹುದು. ಮೌಲೆ ಕಡೆಯ ಕೆಲವು ತಯಾರಕರು ಸೇರ್ಕೊಂಡು ವಿಗ್ನೊ ಅನ್ನೋ ಹೆಸರಲ್ಲಿ ಒಂದು ಕೂಟ ಮಾಡ್ಕೊಂಡಿದಾರೆ, ಬಳ್ಳಿಗೆ ಕನಿಷ್ಠ 30 ವರ್ಷ ಆಗಿರ್ಬೇಕು, ನೀರು ಹಾಯಿಸಿರಬಾರ್ದು ಅನ್ನೋದು ಅವರ ನಿಯಮ. ಲೇಬಲ್ ಮೇಲೆ ವಿಗ್ನೊ ಅಂತ ದೊಡ್ಡದಾಗಿ ಬರೆದಿರತ್ತೆ.

ನಾಲ್ಕನೇದು ಬಿಳಿ ದ್ರಾಕ್ಷಿ, ಮೊಸ್ಕಾತೆಲ್. ಇತಾತಾದ ಬೆಟ್ಟಗಳಲ್ಲಿ ಬೇಕಾದಷ್ಟಿದೆ, ವಾಸನೆಗೆ ಸಿಹಿ ಅನ್ಸಿದ್ರೂ ಬಾಯಲ್ಲಿ ಡ್ರೈ, ಅಂದ್ರೆ ಸಿಹಿ ಇಲ್ಲದೆ ಇರತ್ತೆ.

ಹೆಜ್ಜೆ 2: ಲೇಬಲ್ ಓದೋದು ಕಲೀರಿ

ಸೆಕಾನೊ ಅಥವಾ ಸೆಕಾನೊ ಇಂತೆರಿಯೋರ್ ಅಂತ ಇದ್ರೆ ಮಳೆ ನೀರಲ್ಲೇ ಬೆಳೆದ ತೋಟ ಅಂತ ಅರ್ಥ. ಕರಾವಳಿ ಬೆಟ್ಟಸಾಲಿನ ಒಳಮಗ್ಗುಲ ಒಣಭೂಮಿ ಅದು, ಬಳ್ಳಿಗೆ ಕಂಬ ಇಲ್ಲ ತಂತಿ ಇಲ್ಲ, ಪೊದೆ ತರ ನೆಲಕ್ಕೆ ಅಂಟ್ಕೊಂಡು ಬೆಳಿಯತ್ತೆ, ಉಳುಮೆಗೆ ಇವತ್ತಿಗೂ ಕುದುರೆ ಕಟ್ಟೋರು ಇದಾರೆ ಯಾಕಂದ್ರೆ ಆ ಇಳಿಜಾರಿಗೆ ಟ್ರ್ಯಾಕ್ಟರ್ ಹತ್ತಲ್ಲ. ವೀನ್ಯಾಸ್ ವಿಯೇಹಾಸ್ ಅಂದ್ರೆ ಹಳೇ ಬಳ್ಳಿ. ತಿನಾಹ ಅಂತ ಕಂಡ್ರೆ ಮಣ್ಣಿನ ದೊಡ್ಡ ಗುಡಾಣದಲ್ಲಿ ಹುದುಗಿಸಿದ್ದು.

ಇನ್ನೊಂದು ವಿಷ್ಯ. ಚಿಲಿ ಕಾನೂನು ಪ್ರಕಾರ ದ್ರಾಕ್ಷಿ ಹೆಸರು ಹಾಕೋಕೆ ಆ ದ್ರಾಕ್ಷಿ 75% ಇದ್ರೆ ಸಾಕು, ಉಳಿದಿದ್ದು ಏನು ಅಂತ ಸಣ್ಣ ತಯಾರಕರನ್ನ ಕೇಳಿದ್ರೆ ಖುಷಿಯಿಂದ ಹೇಳ್ತಾರೆ. ಹಳೇ ತೋಟಗಳಲ್ಲಿ ನಾಲ್ಕೈದು ಜಾತಿ ಒಟ್ಟಿಗೆ ಬೆಳೆದಿರತ್ತೆ, ಕುಯ್ಯೋವಾಗ್ಲೂ ಒಟ್ಟಿಗೇ ಕುಯ್ಯೋದು.

ಹೆಜ್ಜೆ 3: ಪಿಪೇನ್ಯೊ ಅರ್ಥ ಮಾಡ್ಕೊಳ್ಳಿ, ಇದೇ ಮುಖ್ಯ

ಪಿಪೇನ್ಯೊ ಒಂದು ದ್ರಾಕ್ಷಿ ಅಲ್ಲ, ರೈತರ ಮನೆಯ ಹೊಸ ವೈನ್. ಫಿಲ್ಟರ್ ಮಾಡಲ್ಲ, ಸ್ವಲ್ಪ ಮಬ್ಬಾಗಿರತ್ತೆ, ಆ ವರ್ಷದ್ದು ಆ ವರ್ಷವೇ ಕುಡಿದು ಮುಗಿಸೋದು. ಕೆಂಪಿನಲ್ಲಿ ಸಾಮಾನ್ಯವಾಗಿ ಪಾಯೀಸ್, ಬಿಳಿಯಲ್ಲಿ ಮೊಸ್ಕಾತೆಲ್.

ಮಾಡೋ ರೀತಿ ನೋಡೋಕೆ ಸಿಕ್ರೆ ಬಿಡಬೇಡಿ, ಮಾರ್ಚ್ ಕೊನೆಯಿಂದ ಏಪ್ರಿಲ್ ಒಳಗೆ ಹೋಗ್ಬೇಕು. ರೌಲಿ ಅನ್ನೋದು ಅಲ್ಲಿನ ಕಾಡುಮರ, ಅದರ ಹಲಗೇಲಿ ಮಾಡಿದ ಬಾಯಿ ತೆರೆದ ದೊಡ್ಡ ತೊಟ್ಟಿ ಇರತ್ತೆ, ಅದಕ್ಕೆ ಲಗಾರ್ ಅಂತಾರೆ. ತೊಟ್ಟಿ ಬಾಯಿ ಮೇಲೆ ಕೊಲಿವೆ ಅನ್ನೋ ಬಿದಿರಿನಂಥ ಕಡ್ಡಿಗಳನ್ನ ಸಾಲಾಗಿ ಕಟ್ಟಿದ ಒಂದು ಜರಡಿ ಹಾಸ್ತಾರೆ, ಹೆಸರು ಸರಾಂದಾ. ಬುಟ್ಟಿ ಬುಟ್ಟಿ ದ್ರಾಕ್ಷಿಗೊನೆ ಅದರ ಮೇಲೆ ಸುರಿದು ಇಬ್ರು ಮೂರು ಜನ ಎದುರುಬದುರು ನಿಂತು ಅಂಗೈಯಿಂದ ಹಿಂದೆ ಮುಂದೆ ಉಜ್ಜುತಾರೆ, ಹಣ್ಣು ಒಡೆದು ಕಡ್ಡಿ ಸಂದಿಯಿಂದ ತಟತಟ ಕೆಳಗೆ ಬೀಳತ್ತೆ, ತೊಟ್ಟು ಕಾಂಡ ಎಲ್ಲ ಮೇಲೇ ಉಳಿಯತ್ತೆ, ಅದನ್ನ ಎತ್ತಿ ಆಚೆ ಹಾಕ್ತಾರೆ. ಕೈ ಮೊಣಕೈ ತನಕ ನೇರಳೆ ಬಣ್ಣ, ಸುತ್ತ ಜೇನುಹುಳ. ತೊಟ್ಟು ವೈನ್‌ಗೆ ಬಿದ್ರೆ ಕಹಿ ಬಿಡತ್ತೆ, ಅದಕ್ಕೇ ಈ ಎಲ್ಲ ಕಷ್ಟ. ಆಮೇಲೆ ಹೊರಗಿಂದ ಯೀಸ್ಟ್ ಏನೂ ಹಾಕಲ್ಲ, ಹಣ್ಣಿನ ಜೊತೆಗೇ ಬಂದಿದ್ದು ಸಾಕು, ಕೆಲವು ದಿನದಲ್ಲಿ ಕುದಿ ಬರತ್ತೆ, ಸಿಪ್ಪೆ ಮೇಲೆ ಎದ್ದು ಬಂದಾಗೆಲ್ಲ ಕೋಲಿಂದ ಒಳಗೆ ಒತ್ತುತಾರೆ, ಮುಗಿದ ಮೇಲೆ ಹಿಂಡಿ ಹಳೇ ಮರದ ಪೀಪಾಯಿಗೆ ತುಂಬಿಸ್ತಾರೆ. ಸೆಪ್ಟೆಂಬರ್ ಹೊತ್ತಿಗೆ ಕುಡಿಯೋಕೆ ರೆಡಿ.

ಒಂದು ಎಚ್ಚರಿಕೆ ಹೇಳ್ಲೇಬೇಕು. ಪಟ್ಟಣಗಳಲ್ಲಿ ಪಿಪೇನ್ಯೊ ಅಂತ ಪ್ಲಾಸ್ಟಿಕ್ ಕ್ಯಾನ್‌ನಲ್ಲಿ ಅಗ್ಗಕ್ಕೆ ಮಾರೋದ್ರಲ್ಲಿ ಸಕ್ಕರೆ ಹಾಕಿ ಸಿಹಿ ಮಾಡಿದ್ದೇ ಜಾಸ್ತಿ, ಅದನ್ನ ಕುಡಿದು ಪಿಪೇನ್ಯೊ ಇಷ್ಟೇ ಅಂತ ಅಂದ್ಕೋಬೇಡಿ. ಒಳ್ಳೇ ಪಿಪೇನ್ಯೊ ಸಿಹಿ ಇರಲ್ಲ. ಫ್ರಾನ್ಸ್‌ನಿಂದ ಬಂದು ನೆಲೆಸಿದ ಲೂಯಿ ಆಂತ್ವಾನ್ ಲುಯಿತ್, ಯುಂಬೆಲ್‌ನ ಕಸೀಕೆ ಮರವೀಯಾ, ಬೀಯೋ ಬೀಯೋ ಕಡೆಯ ರೊಬೆರ್ತೊ ಎನ್ರೀಕೆಸ್, ಇಂಥವರಿಂದ ಇದಕ್ಕೆ ಹೊರದೇಶದಲ್ಲೂ ಹೆಸರು ಬಂದಿದೆ. ಒಂದು ಲೀಟರ್ ಬಾಟ್ಲಿಯಲ್ಲಿ ಬರೋ ಪಿಪೇನ್ಯೊಗಳು ಈಗ ನ್ಯೂಯಾರ್ಕ್, ಲಂಡನ್ ಅಂಗಡಿಗಳಲ್ಲೂ ಸಿಗತ್ತೆ.

ಹೆಜ್ಜೆ 4: ಯಾವಾಗ ಹೋಗ್ಬೇಕು

ಎರಡು ಸೀಸನ್. ಕುಯ್ಲು ನೋಡ್ಬೇಕಾ, ಮಾರ್ಚ್ ಏಪ್ರಿಲ್. ಕುಡಿದು ಹಬ್ಬ ನೋಡ್ಬೇಕಾ, ಸೆಪ್ಟೆಂಬರ್. ಸೆಪ್ಟೆಂಬರ್ 18 ಅವರ ರಾಷ್ಟ್ರೀಯ ಹಬ್ಬ, ಆ ವಾರ ದೇಶಪೂರ್ತಿ ಚಿಚಾ ಹರಿಯತ್ತೆ. ಚಿಚಾ ಅಂದ್ರೆ ಇಲ್ಲಿ ದ್ರಾಕ್ಷಿದು, ಪೂರ್ತಿ ಹುದುಗದೆ ಇನ್ನೂ ಸಿಹಿ ಉಳ್ಕೊಂಡಿರೋದು, ಕುರಾಕವಿ ಮತ್ತೆ ವಿಯಾ ಅಲೇಗ್ರೆ ಊರಿನದ್ದು ಹೆಸರುವಾಸಿ. ಇನ್ನೂ ದಕ್ಷಿಣಕ್ಕೆ ಹೋದ್ರೆ ಚಿಚಾ ಅಂದ್ರೆ ಸೇಬಿಂದು, ಗೊಂದಲ ಮಾಡ್ಕೋಬೇಡಿ. 19ನೇ ತಾರೀಖು ಸ್ಯಾಂಟಿಯಾಗೋದ ಮಿಲಿಟರಿ ಪರೇಡ್ ಶುರು ಆಗೋ ಮುಂಚೆ ಕುದುರೆ ಮೇಲೆ ಬರೋ ಊವಾಸೊಗಳು, ಅಂದ್ರೆ ಹಳ್ಳಿ ಕಡೆಯ ಸವಾರರು, ದೇಶದ ಅಧ್ಯಕ್ಷರಿಗೆ ಹಸುವಿನ ಕೊಂಬಲ್ಲಿ ಚಿಚಾ ಕೊಡ್ತಾರೆ, ಅಧ್ಯಕ್ಷರು ಎಲ್ಲರೆದುರು ಕುಡೀತಾರೆ. ಹಳ್ಳಿ ಪಾನೀಯಕ್ಕೆ ಈ ಮರ್ಯಾದೆ ಸಿಗೋದು ನೋಡಿದ್ರೆ ನನಗೆ ತುಂಬ ಸಂತೋಷ ಆಗತ್ತೆ.

ಜೂನ್‌ನಿಂದ ಆಗಸ್ಟ್ ಬೇಡ, ಮಳೆ, ಮಣ್ಣು ರೋಡು ಕೆಸರು. ಜನವರಿ ಫೆಬ್ರವರಿ ಬಿಸಿಲು ಜೋರು, ಕಾಡ್ಗಿಚ್ಚಿನ ಕಾಲ. 2017ರಲ್ಲಿ ಮೌಲೆ ಕಡೆ, 2023ರಲ್ಲಿ ಇತಾತಾ ಕಡೆ ಬೆಂಕಿಗೆ ನೂರಾರು ವರ್ಷದ ಬಳ್ಳಿಗಳೂ ಸುಟ್ಟುಹೋದ್ವು. ಸುತ್ತಲೂ ಪೈನ್, ನೀಲಗಿರಿ ತೋಪು ಇರೋದೇ ಇದಕ್ಕೆ ದೊಡ್ಡ ಕಾರಣ, 1974ರ ಕಾನೂನು ಮರ ನೆಡೋಕೆ ಸಬ್ಸಿಡಿ ಕೊಟ್ಟ ಮೇಲೆ ದ್ರಾಕ್ಷಿಗೆ ಬೆಲೆ ಸಿಗದೆ ಎಷ್ಟೋ ಕಡೆ ತೋಟ ಹೋಗಿ ಅದೇ ತೋಪು ಬಂತು. ಮಲೆನಾಡಲ್ಲಿ ಅಕೇಶಿಯಾ, ನೀಲಗಿರಿ ನೋಡಿದವರಿಗೆ ಇದನ್ನ ಬಿಡಿಸಿ ಹೇಳ್ಬೇಕಾಗಿಲ್ಲ.

ಹೆಜ್ಜೆ 5: ದಾರಿ

ಸ್ಯಾಂಟಿಯಾಗೋದಲ್ಲಿ ಒಂದೆರಡು ದಿನ ಇರಿ. ಲಸ್ತಾರಿಯಾ ಏರಿಯಾದ ವೈನ್ ಬಾರ್‌ಗಳಲ್ಲಿ ಪಾಯೀಸ್, ಸಿನ್ಸೊ, ಕರಿನ್ಯಾನ್ ಮೂರೂ ಒಂದೊಂದು ಗ್ಲಾಸ್ ತಗೊಂಡು ಪಕ್ಕಪಕ್ಕ ಇಟ್ಕೊಂಡು ಕುಡೀರಿ, ಇಲ್ಲೇ ನಾಲಿಗೆ ತಯಾರಾದ್ರೆ ಹಳ್ಳಿಗೆ ಹೋದಾಗ ಏನು ಕೇಳ್ಬೇಕು ಅಂತ ಗೊತ್ತಿರತ್ತೆ. ಮಾರ್ಕೆಟ್ ಹತ್ರ ಲಾ ಪಿಯೋಹೇರಾ ಅನ್ನೋ ಹಳೇ ಜಾಗದಲ್ಲಿ ತೆರ್ರೆಮೋತೊ (ಭೂಕಂಪ ಅಂತ ಅರ್ಥ) ಅನ್ನೋ ಪಾನೀಯ ಸಿಗತ್ತೆ, ಪಿಪೇನ್ಯೊಗೆ ಅನಾನಸ್ ಐಸ್‌ಕ್ರೀಮ್ ಹಾಕಿ ಮೇಲೆ ಗ್ರೆನಡಿನ್ ಅನ್ನೋ ಕೆಂಪು ಸಿಹಿ ಸಿರಪ್ ಸುರಿಯೋದು. ತಿಂಡಿ ತರ ಸಿಹಿಯಾಗಿ ಇಳಿಯತ್ತೆ, ಎದ್ದು ನಿಂತಾಗ ಕಾಲು ನಡುಗತ್ತೆ, ಒಂದೇ ಸಾಕು.

ಅಲ್ಲಿಂದ ಟ್ರೇನ್. ಎಸ್ತಾಸಿಯೋನ್ ಸೆಂತ್ರಾಲ್‌ನಿಂದ ತಾಲ್ಕಾ ಸುಮಾರು 250 ಕಿಲೋಮೀಟರ್, ಚಿಯಾನ್ ಸುಮಾರು 400. ಟೈಮ್ ಇದ್ರೆ ತಾಲ್ಕಾದಲ್ಲಿ ಇಳೀರಿ, ಅಲ್ಲಿಂದ ಕೊನ್ಸ್ತಿತುಸಿಯೋನ್ ಊರಿಗೆ ಮೌಲೆ ನದಿ ದಂಡೆ ಹಿಡಿದು ಹೋಗೋ ನ್ಯಾರೋ ಗೇಜ್ ಪುಟ್ಟ ರೈಲು ಇದೆ, 88 ಕಿಲೋಮೀಟರ್, ಚಿಲಿಯಲ್ಲಿ ಈ ತರದ್ದು ಉಳಿದಿರೋ ಕೊನೆಯ ಕವಲು ಮಾರ್ಗ, ಅದರ ಮಧ್ಯೆ ಗೊನ್ಸಾಲೆಸ್ ಬಸ್ತೀಯಾಸ್ ಅಂತ ಸ್ಟೇಷನ್, ಹತ್ರದಲ್ಲೇ ಅದೇ ಹೆಸರಿನ ಪಾಯೀಸ್ ತೋಟ. ಪ್ರವಾಹ ಬಂದಾಗೆಲ್ಲ ಈ ಲೈನ್ ನಿಂತುಬಿಡತ್ತೆ, ಹಿಂದಿನ ದಿನವೇ ವಿಚಾರಿಸಿ. ಮೌಲೆಯಲ್ಲೇ ಬೂಶೋನ್ ಅನ್ನೋರು ಪಾಯೀಸ್ ಸಲ್ವಾಹೆ ಅಂತ ಒಂದು ವೈನ್ ಮಾಡ್ತಾರೆ, ಕಾಡುಮರದ ಮೇಲೆ ತಾನೇ ಹಬ್ಬಿರೋ ಬಳ್ಳಿಯಿಂದ ಏಣಿ ಹಾಕಿ ಹಣ್ಣು ಕಿತ್ತು ಮಾಡೋದು.

ಚಿಯಾನ್‌ನಲ್ಲಿ ರೂಮ್ ಮಾಡ್ಕೊಂಡ್ರೆ ಇತಾತಾ ಪೂರ್ತಿ ಸುತ್ತಬಹುದು. ಪೊರ್ತೆಸುಯೇಲೊ, ಕಿಯೋನ್, ಕೊಯೆಲೇಮು, ಗ್ವಾರಿಲೀವೆ, ಎಲ್ಲಾ ಕರಾವಳಿ ಬೆಟ್ಟಗಳ ಕಡೆ, ನೆಲ ಗ್ರಾನೈಟ್ ಪುಡಿಯಾಗಿ ಆಗಿರೋ ಕೆಂಪು ಮಣ್ಣು. ಗೂಗಲ್ ಮ್ಯಾಪ್‌ನಲ್ಲಿ ತೋಟದ ಹೆಸರು ಸಿಗಲ್ಲ, ರೋಡ್ ಪಕ್ಕ ಹಲಗೆ ಮೇಲೆ ಕೈಬರಹದಲ್ಲಿ "ವಿನೊ ಪಿಪೇನ್ಯೊ" ಅಂತ ಬರೆದಿರೋ ಮನೆ ಮುಂದೆ ನಿಲ್ಲಿ. ಆದ್ರೆ ಗಾಡಿ ನೀವೇ ಓಡಿಸೋ ಪ್ಲಾನ್ ಇದ್ರೆ ಒಂದು ಹನಿ ಕೂಡ ಬೇಡ, 2012ರಿಂದ ಅಲ್ಲಿ ಲಿಮಿಟ್ ಲೀಟರ್ ರಕ್ತಕ್ಕೆ 0.3 ಗ್ರಾಮ್, ಒಂದು ಗ್ಲಾಸ್‌ಗೇ ದಾಟಿಹೋಗಬಹುದು, ಶಿಕ್ಷೆ ಜೋರು. ಚಿಯಾನ್‌ನಿಂದ ದಿನದ ಲೆಕ್ಕದಲ್ಲಿ ಡ್ರೈವರ್ ಮಾತಾಡ್ಕೊಳ್ಳಿ. ವಾಪಸ್ ಬರೋಕೆ ಕೊನ್ಸೆಪ್ಸಿಯೋನ್ ಏರ್‌ಪೋರ್ಟ್ ಹತ್ರ ಆಗತ್ತೆ.

ಹೆಜ್ಜೆ 6: ರೈತರ ಮನೇಲಿ ಹೇಗೆ ಕೇಳ್ಬೇಕು, ಹೇಗೆ ಕೊಳ್ಬೇಕು

ಇಂಗ್ಲಿಷ್ ನಡಿಯಲ್ಲ. ದೊಡ್ಡವರನ್ನ ಹೆಸರಿಗೆ ಮುಂಚೆ ದೋನ್, ಹೆಂಗಸರಾದ್ರೆ ದೋನ್ಯಾ ಸೇರಿಸಿ ಕರೀರಿ. "ಬುಯೆನಾಸ್ ತಾರ್ದೆಸ್, ತಿಯೆನೆ ಪಿಪೇನ್ಯೊ?" ಅಂದ್ರೆ ಪಿಪೇನ್ಯೊ ಇದ್ಯಾ ಅಂತ. "ಸೆ ಪುಯೇದೆ ಪ್ರೊಬಾರ್?" ಅಂದ್ರೆ ರುಚಿ ನೋಡಬಹುದಾ ಅಂತ. ಇಷ್ಟಕ್ಕೇ ಒಳಗೆ ಕರ್ಕೊಂಡು ಹೋಗಿ ಪೀಪಾಯಿಯಿಂದ ಗ್ಲಾಸಿಗೆ ಬಗ್ಗಿಸಿ ಕೊಡ್ತಾರೆ.

ಆ ಗ್ಲಾಸನ್ನ ಹೀಗೆ ನೋಡಿ. ಮಬ್ಬಾಗಿದ್ರೆ ಪರವಾಗಿಲ್ಲ. ನಾಲಿಗೆ ತುದೀಲಿ ಸಣ್ಣಗೆ ಚುರುಗುಟ್ಟಿದ್ರೂ ಪರವಾಗಿಲ್ಲ, ಹೊಸ ವೈನ್‌ನಲ್ಲಿ ಗ್ಯಾಸ್ ಉಳ್ಕೊಂಡಿರತ್ತೆ. ವಿನೆಗರ್ ತರ ಮೂಗಿಗೆ ಹೊಡೆದ್ರೆ, ನೈಲ್ ಪಾಲಿಶ್ ವಾಸನೆ ಬಂದ್ರೆ ಬೇಡ, ನಗ್ತಾ ಗ್ರಾಸಿಯಾಸ್ ಅಂದು ಇನ್ನೊಂದು ಪೀಪಾಯಿದು ಕೇಳಿ. ಇಷ್ಟ ಆದ್ರೆ ಬಿದೋನ್ ಅಂತ 5 ಲೀಟರ್ ಕ್ಯಾನ್‌ಗೆ ತುಂಬಿಸಿ ಕೊಡ್ತಾರೆ, ಬಿಸಿಲಿಗೆ ಇಡದೆ ಕೆಲವೇ ದಿನದಲ್ಲಿ ಮುಗಿಸಿ. ಬೆಲೆ ಚೌಕಾಸಿ ಮಾತ್ರ ದಯವಿಟ್ಟು ಬೇಡ. ದೊಡ್ಡ ಕಂಪನಿಗಳು ಪಾಯೀಸ್ ಹಣ್ಣಿಗೆ ಕೊಡೋ ರೇಟ್ ಬಗ್ಗೆ ಈ ರೈತರು ವರ್ಷಾನುಗಟ್ಲೆ ಹೋರಾಡ್ತಾ ಇದಾರೆ, ಕೆಲವು ವರ್ಷ ಕುಯ್ಯೋ ಕೂಲಿನೂ ಹುಟ್ಟಲ್ಲ, ಮನೆಬಾಗಿಲಲ್ಲಿ ಲೀಟರ್ ಲೆಕ್ಕದಲ್ಲಿ ಮಾರಿದ ದುಡ್ಡೇ ಅವರ ಕೈಗೆ ಪೂರ್ತಿ ಸೇರೋದು.

ಹೆಜ್ಜೆ 7: ಜೊತೆಗೆ ಏನು ತಿನ್ನೋದು

ಮಾಂಸ ತಿನ್ನೋರಿಗೆ ಚಿಯಾನ್ ಮಾರ್ಕೆಟ್‌ನ ಲೊಂಗಾನೀಸಾ, ಅಂದ್ರೆ ಹಂದಿ ಸಾಸೇಜ್, ಪಾಯೀಸ್ ಜೊತೆ ಹೇಳಿ ಮಾಡ್ಸಿದ ಹಾಗಿರತ್ತೆ. ಸಸ್ಯಾಹಾರಿಗಳಿಗೆ ಸ್ವಲ್ಪ ಕಷ್ಟ ಇದೆ, ಅಲ್ಲಿಯ ಬೇಸಿಗೇಲಿ, ಅಂದ್ರೆ ಜನವರಿ ಫೆಬ್ರವರೀಲಿ ಹೋದ್ರೆ ಪೊರೋತೊಸ್ ಗ್ರನಾದೊಸ್ ಕೇಳಿ, ಹಸಿ ಕಾಳು, ಜೋಳ, ಕುಂಬಳಕಾಯಿ ಹಾಕಿ ಬೇಯಿಸಿದ್ದು. ಊಮೀತಾ ಅಂತ ಜೋಳದ ಸಿಪ್ಪೇಲಿ ಸುತ್ತಿ ಬೇಯಿಸೋದೂ ಇದೆ, ಆದ್ರೆ ಹಂದಿಕೊಬ್ಬು ಹಾಕಿರ್ತಾರೆ, "ಸಿನ್ ಮಂತೇಕಾ" ಅಂತ ಕೇಳ್ಕೊಂಡೇ ತಿನ್ನಿ. ಟೇಬಲ್ ಮೇಲೆ ಪೆಬ್ರೆ ಅಂತ ಈರುಳ್ಳಿ, ಕೊತ್ತಂಬರಿ, ಮೆಣಸಿನಕಾಯಿ ಹಾಕಿದ ಚಟ್ನಿ ಇದ್ದೇ ಇರತ್ತೆ, ಬ್ರೆಡ್‌ಗೆ ಹಚ್ಕೊಂಡು ಒಂದು ಗುಟುಕು ಪಿಪೇನ್ಯೊ ಕುಡಿದ್ರೆ ಊಟ ಆದಂಗೇ.

ಇನ್ನೊಂದನ್ನ ಖಂಡಿತ ಕೇಳಿ, ಚುಪಿಲ್ಕಾ. ಹುರಿದ ಗೋಧಿ ಹಿಟ್ಟನ್ನ ಗ್ಲಾಸಿಗೆ ಎರಡು ಮೂರು ಚಮಚ ಹಾಕಿ ಮೇಲೆ ಕೆಂಪು ವೈನ್ ಅಥವಾ ಚಿಚಾ ಸುರಿದು ಕಲಸೋದು, ಬೇಕಾದ್ರೆ ಸಕ್ಕರೆ. ಹೊಲಕ್ಕೆ ಹೋಗೋರ ಪಾನೀಯ ಇದು. ಹುರಿಹಿಟ್ಟಿನ ಆ ಸುಟ್ಟ ಘಮ ನಮಗೆ ಗೊತ್ತಿರೋದೇ, ಅದರ ಜೊತೆ ವೈನ್ ಹುಳಿ ಸೇರಿ ಗಂಜಿ ತರ ಗಟ್ಟಿಯಾಗತ್ತೆ, ತಳದಲ್ಲಿ ಕೂತಿದ್ದನ್ನ ಚಮಚದಲ್ಲಿ ತಿನ್ನೋದು.

ಹೆಜ್ಜೆ 8: ಸಿಹಿ ವೈನ್‌ಗೆ ಉತ್ತರಕ್ಕೆ

ಇದು ಬೇರೆಯೇ ಪ್ರವಾಸ, ಒಟ್ಟಿಗೆ ಸೇರಿಸೋಕೆ ಹೋಗಬೇಡಿ, ದೂರ ತುಂಬ. ಅಟಕಾಮಾ ಪ್ರಾಂತ್ಯದ ವಾಸ್ಕೊ ಕಣಿವೇಲಿ ಪಾಹರೇತೆ ಮಾಡ್ತಾರೆ, ಬಿಸಿಲಲ್ಲಿ ಬಾಡಿಸಿದ ದ್ರಾಕ್ಷಿಯ ಸಿಹಿ ವೈನ್, ಆ ಹೆಸರು ಹಾಕೋ ಹಕ್ಕು ಕಾನೂನು ಪ್ರಕಾರ ಅಟಕಾಮಾ, ಕೊಕಿಂಬೊ ಎರಡೇ ಪ್ರಾಂತ್ಯಕ್ಕೆ. ದಕ್ಷಿಣದಲ್ಲೂ ಇದರ ಅಣ್ಣತಮ್ಮ ಒಂದಿದೆ, ಅಸೊಲೆಯಾದೊ, ಕೌಕೇನೆಸ್ ಸುತ್ತಮುತ್ತ ಮೊದ್ಲು ದೊಡ್ಡ ಹೆಸರಿತ್ತು, ಈಗ ಮಾಡೋರು ಕಮ್ಮಿ, ಕಣ್ಣಿಗೆ ಬಿದ್ರೆ ತಗೊಂಡ್ಬಿಡಿ. ಪೆರು ಗಡಿ ಹತ್ರ ಅರಿಕಾದ ಒಳಗೆ ಕೋದ್ಪಾ ಅನ್ನೋ ಮರುಭೂಮಿ ಕಣಿವೆ, ಅಲ್ಲಿಯ ವೈನ್ ಪಿಂತತಾನಿ. ಸಾನ್ ಪೆದ್ರೊ ದೆ ಅಟಕಾಮಾಗೆ ಹೇಗೂ ಎಲ್ಲರೂ ಹೋಗ್ತಾರೆ, ಅಲ್ಲಿ ಲಿಕಾನಂತಾಯ್ ಮೂಲನಿವಾಸಿಗಳ ಆಯ್ಯು ಅನ್ನೋ ಸಹಕಾರ ಸಂಘದ ವೈನ್ ಹುಡುಕಿ, ತೊಕೊನಾವ್ ಊರಿನ ತೋಟಗಳು 2,400 ಮೀಟರ್ ಎತ್ತರದ ಆಸುಪಾಸು, ಸೊಕಾಯಿರೆಯದು 3,000 ಮೀಟರ್‌ಗೂ ಮೇಲೆ.

ಹೆಜ್ಜೆ 9: ಹೋಗೋಕಾಗದವರಿಗೆ

ಅಮೆರಿಕಾ, ಯೂರೋಪ್‌ನಲ್ಲಿ ಇರೋ ನಮ್ಮವರಿಗೆ ಇದು ಸುಲಭ. ದೆ ಮಾರ್ತಿನೊ ಕಂಪನಿಯ ವಿಯೇಹಾಸ್ ತಿನಾಹಾಸ್ ಅಂತ ಕೇಳಿ, ಇತಾತಾ ಸಿನ್ಸೊ, ಮಣ್ಣಿನ ಗುಡಾಣದಲ್ಲಿ ಮಾಡಿದ್ದು. ನೊರೆ ವೈನ್ ಇಷ್ಟ ಇರೋರಿಗೆ ಮಿಗೆಲ್ ತೋರ್ರೆಸ್ ಅವರ ಎಸ್ತೆಲಾದೊ, ಪಾಯೀಸ್‌ನಿಂದ ಮಾಡಿದ ರೋಸೆ, ಅಂದ್ರೆ ಗುಲಾಬಿ ಬಣ್ಣದ ವೈನ್. ಕೊನ್ಸೆಪ್ಸಿಯೋನ್‌ನ ಮಣ್ಣಿನ ತಜ್ಞ ಪೆದ್ರೊ ಪಾರ್ರಾ ಅವರ ಸಿನ್ಸೊಗಳು ದುಬಾರಿ, ಆದ್ರೆ ಒಂದೊಂದು ಬೆಟ್ಟದ ಮಣ್ಣಿಗೆ ರುಚಿ ಹೇಗೆ ಬದಲಾಗತ್ತೆ ಅಂತ ತಿಳಿಯೋಕೆ ಅದಕ್ಕಿಂತ ಒಳ್ಳೇದು ಸಿಗಲ್ಲ. ಕ್ಯಾಲಿಫೋರ್ನಿಯಾದಲ್ಲಿ ಇರೋರು ಒಂದು ಮಿಷನ್, ಒಂದು ಪಾಯೀಸ್ ತಂದು ಒಟ್ಟಿಗೆ ತೆಗೀರಿ, ಒಂದೇ ಬಳ್ಳಿ ಎರಡು ದೇಶದಲ್ಲಿ ಏನಾಗಿದೆ ಅಂತ ನಾಲಿಗೆಗೇ ಗೊತ್ತಾಗತ್ತೆ. ಕರ್ನಾಟಕದಲ್ಲಿ ಇವು ಸಿಗೋದು ತೀರ ಅಪರೂಪ, ಬರೋ ನೆಂಟರಿಗೆ ಹೇಳಿ ತರಿಸೋದೇ ದಾರಿ.

ಕುಡಿಯೋ ಮುಂಚೆ ಫ್ರಿಜ್‌ನಲ್ಲಿ ಇಟ್ಟು ತಂಪು ಮಾಡಿ, 12ರಿಂದ 14 ಡಿಗ್ರಿ ಇದ್ರೆ ಪಾಯೀಸ್ ಚೆನ್ನ, ನಮ್ಮೂರ ರೂಮ್ ಟೆಂಪರೇಚರ್‌ನಲ್ಲಿ ಕುಡಿದ್ರೆ ಒಗರು ಮಾತ್ರ ಎದ್ದು ಬರತ್ತೆ. ದೊಡ್ಡ ಗ್ಲಾಸ್ ಬೇಕಿಲ್ಲ, ಸಣ್ಣ ಲೋಟ ಸಾಕು, ಅಲ್ಲೂ ಹಾಗೇ ಕುಡಿಯೋದು. ಸಲ್ಫೈಟ್ (ವೈನ್ ಕೆಡದ ಹಾಗೆ ಹಾಕೋದು) ಕಮ್ಮಿ ಇರೋ ಬಾಟ್ಲಿಗಳನ್ನ ಓಪನ್ ಮಾಡಿದ ಮೇಲೆ ಎರಡು ದಿನದಲ್ಲಿ ಮುಗಿಸಿ.

ಹೆಜ್ಜೆ 10: ಹೋಗೋವಾಗ, ಬರೋವಾಗ

ಚಿಲಿ ಏರ್‌ಪೋರ್ಟ್‌ನಲ್ಲಿ ಕೃಷಿ ಇಲಾಖೆಯವರ ತಪಾಸಣೆ ತುಂಬ ಕಟ್ಟುನಿಟ್ಟು. ಹಣ್ಣು, ಬೀಜ, ಜೇನುತುಪ್ಪ, ಮನೇಲಿ ಮಾಡಿದ ಉಪ್ಪಿನಕಾಯಿ, ಚಟ್ನಿಪುಡಿ, ಏನೇ ಇದ್ರೂ ಫಾರ್ಮ್‌ನಲ್ಲಿ ಬರೀರಿ, ಬರೆದ್ರೆ ಹೆಚ್ಚಂದ್ರೆ ತೆಗೆದಿಟ್ಕೋತಾರೆ, ಮುಚ್ಚಿಟ್ರೆ ದಂಡ. ವಾಪಸ್ ಬರೋವಾಗ ಭಾರತಕ್ಕೆ ಒಬ್ಬರಿಗೆ 2 ಲೀಟರ್ ತನಕ ಸುಂಕ ಇಲ್ಲ, ಅಂದ್ರೆ ಒಂದು ಲೀಟರ್ ಪಿಪೇನ್ಯೊ ಮತ್ತೆ 750 ಎಂಎಲ್‌ನ ಒಂದು ವಿಗ್ನೊ ಸರಿಯಾಗಿ ಹಿಡಿಯತ್ತೆ. ಎರಡನ್ನೂ ಬಟ್ಟೇಲಿ ಸುತ್ತಿ ಬೇರೆ ಬೇರೆ ಪ್ಲಾಸ್ಟಿಕ್ ಕವರ್‌ಗೆ ಹಾಕಿ ಚೆಕ್ ಇನ್ ಬ್ಯಾಗ್ ನಡುವಲ್ಲಿ ಇಡಿ, ಮನೆಗೆ ಬಂದ ಮೇಲೆ ಪಿಪೇನ್ಯೊ ಮೊದ್ಲು ತೆಗೀರಿ, ವಿಗ್ನೊ ತಂಪು ಜಾಗದಲ್ಲಿ ಮಲಗಿಸಿದ್ರೆ ಇನ್ನೂ ನಾಲ್ಕೈದು ವರ್ಷ ಆರಾಮಾಗಿ ಇರತ್ತೆ.